ಹಿಟ್ಟಿನುಂಡೆಯೊಳಗೆ ಮೆಣಸಿನಕಾಯಿ: ಮಕ್ಕಳ ಜೊತೆ ಟಿಬೆಟಿನ ಗುಥುಕ್

ಪ್ರಶ್ನೆ: ನಾವು ಮೈಸೂರಿನವರು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಬೇರೆ ಬೇರೆ ಜನ ಹೇಗೆ ಬದುಕುತ್ತಾರೆ ಅನ್ನುವುದು ಮಕ್ಕಳಿಗೆ ಗೊತ್ತಾಗಲಿ ಎಂದು ತಿಂಗಳಿಗೊಂದು ದೇಶದ ಅಡುಗೆ ಶುರು ಮಾಡಿದೆವು. ಪಾಸ್ತಾ ಆಯಿತು, ಟಾಕೊ ಆಯಿತು, ಸುಶಿಯೂ ಆಯಿತು. ಪ್ರತಿ ಸಲವೂ ಹತ್ತು ನಿಮಿಷ ಕೈಯಾಡಿಸಿ ಮಕ್ಕಳು ಎದ್ದು ಹೋಗುತ್ತಾರೆ, ಉಳಿದದ್ದನ್ನು ನಾವಿಬ್ಬರೇ ಮುಗಿಸುತ್ತೇವೆ, ಕೊನೆಗೆ ಅವರು ತಿನ್ನುವುದೂ ಇಲ್ಲ. ಅನ್ನ ಹಾಳಾಗುತ್ತದೆ ಎಂದು ಅತ್ತೆಯವರಿಗೆ ಬೇಸರ. ಮೊನ್ನೆ ಬೈಲುಕುಪ್ಪೆಯ ಟಿಬೆಟಿಯನ್ನರ ವಸತಿಗೆ ಹೋಗಿದ್ದಾಗ ಮಗಳು, "ಇವರು ಹಬ್ಬಕ್ಕೆ ಏನು ಮಾಡ್ತಾರೆ?" ಎಂದು ಕೇಳಿದಳು. ಮೊಮೊ ಬಿಟ್ಟರೆ ನಮಗೆ ಏನೂ ಗೊತ್ತಿರಲಿಲ್ಲ. ನಾವು ಸಸ್ಯಾಹಾರಿಗಳು, ಅತ್ತೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಇದನ್ನು ಮುಂದುವರಿಸಬೇಕೇ? ಹೇಗೆ?

ಉತ್ತರ: ಖಂಡಿತ ಮುಂದುವರಿಸಿ. ಹೇಗೆ ಅನ್ನುವುದಕ್ಕೆ ನಿಮ್ಮ ಮಗಳ ಪ್ರಶ್ನೆಯೇ ದಾರಿ ತೋರಿಸುತ್ತದೆ. ಅವಳು "ಇವರು ಏನು ತಿಂತಾರೆ" ಎಂದು ಕೇಳಲಿಲ್ಲ, "ಹಬ್ಬಕ್ಕೆ ಏನು ಮಾಡ್ತಾರೆ" ಎಂದು ಕೇಳಿದಳು. ಮಕ್ಕಳಿಗೆ ಬೇಕಾಗಿರುವುದು ಮಾಡುವ ಕೆಲಸ. ಟಾಕೊ, ಸುಶಿಯಲ್ಲಿ ಹೆಚ್ಚುವುದು, ಬೇಯಿಸುವುದು, ಹದ ನೋಡುವುದು ಎಲ್ಲ ದೊಡ್ಡವರದು. ಮಕ್ಕಳ ಪಾಲಿಗೆ ಉಳಿಯುವುದು ಕೊನೆಯಲ್ಲಿ ಜೋಡಿಸುವ ಎರಡು ನಿಮಿಷ. ಅದಾದ ಮೇಲೆ ಗೊತ್ತಿಲ್ಲದ ರುಚಿಯೊಂದನ್ನು ಮುಂದಿಟ್ಟು "ಹೇಗಿದೆ?" ಎಂದು ಕೇಳುತ್ತೇವೆ. ಐದು ವರ್ಷದ ಮಗು ಆ ಪರೀಕ್ಷೆಯಿಂದ ಎದ್ದು ಹೋಗುವುದು ಸಹಜ.

ಹಾಗಾಗಿ ದೇಶ ಆರಿಸುವ ಮುಂಚೆ ಕೈಗೆಲಸ ಆರಿಸಿ. ಒಂದೇ ಪುಟ್ಟ ಕೆಲಸವನ್ನು ನೂರು ಸಲ ಮಾಡಬೇಕಾದ ಅಡುಗೆ, ಮನೆಮಂದಿ ಎಲ್ಲ ಸುತ್ತ ಕೂತು ಮಾಡುವ ಅಡುಗೆ, ಯಾವುದೋ ಒಂದು ದಿನಕ್ಕೆ ಕಟ್ಟುಬಿದ್ದ ಅಡುಗೆ: ಈ ಮೂರೂ ಕೂಡಿದರೆ ಮಕ್ಕಳು ಏಳುವುದಿಲ್ಲ. ತಿಂಗಳಿಗೊಂದು ಬೇಡ, ವರ್ಷಕ್ಕೆ ಮೂರು ಸಾಕು. ಮುಂದಿನ ವರ್ಷವೂ ಅದೇ ಮೂರನ್ನು ಮಾಡಿ. ಎರಡನೆಯ ವರ್ಷ "ಹೋದ ಸಲ ನನಗೆ ಏನು ಬಂದಿತ್ತು ಗೊತ್ತಾ" ಎಂದು ಮಗು ತಾನಾಗಿ ಹೇಳುವಾಗ ಆ ಅಡುಗೆ ನಿಮ್ಮ ಮನೆಗೆ ಬಂದಿದೆ ಎಂದು ತಿಳಿಯಬಹುದು.

ನಿಮಗೆ ಹತ್ತಿರದಲ್ಲೇ ಅಂಥದ್ದೊಂದು ಇದೆ: ಗುಥುಕ್ ಎಂಬ ಸೂಪು. ಟಿಬೆಟಿಯನ್ನರ ಹೊಸ ವರ್ಷ ಲೋಸಾರ್ ಬರುವುದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಅಥವಾ ಮಾರ್ಚ್ ಆರಂಭದಲ್ಲಿ. 2025ರಲ್ಲಿ ಫೆಬ್ರವರಿ 28, 2026ರಲ್ಲಿ ಫೆಬ್ರವರಿ 18. ಹಳೆ ವರ್ಷದ ಕೊನೆಯ ತಿಂಗಳ 29ನೇ ದಿನ ಮನೆ ಗುಡಿಸಿ, ಮಸಿ ಧೂಳು ತೆಗೆದು, ರಾತ್ರಿ ಈ ಸೂಪು ಮಾಡುತ್ತಾರೆ. ಟಿಬೆಟಿಯನ್ ಭಾಷೆಯಲ್ಲಿ 'ಗು' ಅಂದರೆ ಒಂಬತ್ತು, 'ಥುಕ್' ಅಂದರೆ ಥುಕ್ಪಾ, ಅವರ ಸೂಪು. ಇಪ್ಪತ್ತೊಂಬತ್ತರ ಒಂಬತ್ತು, ಸೂಪಿನಲ್ಲಿ ಕನಿಷ್ಠ ಒಂಬತ್ತು ಪದಾರ್ಥ. ಇದರ ಜೊತೆಗೆ ಪ್ರತಿಯೊಬ್ಬರ ಬಟ್ಟಲಿಗೂ ಒಂದೊಂದು ದೊಡ್ಡ ಹಿಟ್ಟಿನುಂಡೆ. ಒಳಗೆ ಏನೋ ಒಂದು ಅಡಗಿರುತ್ತದೆ, ಒಡೆದು ಎಲ್ಲರಿಗೂ ತೋರಿಸಬೇಕು. ಮೆಣಸಿನಕಾಯಿ ಬಂದರೆ ಮಾತಿನಮಲ್ಲಿ, ಉಪ್ಪು ಬಂದರೆ ಸೋಮಾರಿ, ಬಿಳಿ ಉಣ್ಣೆ ಬಂದರೆ ಮೃದು ಮನಸ್ಸು, ಕಾಗದ ಬಂದರೆ ಓದಿನಲ್ಲಿ ಮುಂದೆ, ಇದ್ದಿಲು ಬಂದರೆ ಕಪ್ಪು ಹೃದಯ. ಮನೆಯಿಂದ ಮನೆಗೆ ಪಟ್ಟಿಯೂ ಅರ್ಥವೂ ಬದಲಾಗುತ್ತವೆ. ಯಾರಿಗೆ ಏನು ಬಂದರೂ ಉಳಿದವರು ರೇಗಿಸಿ ನಗುವುದು ಮಾತ್ರ ಬದಲಾಗುವುದಿಲ್ಲ.

ನಮ್ಮ ರಾಜ್ಯದಲ್ಲಿ ಇದು ದೂರದ ದೇಶದ ಹಬ್ಬವೂ ಅಲ್ಲ. ಬೈಲುಕುಪ್ಪೆಯ ಮೊದಲ ಟಿಬೆಟಿಯನ್ ವಸತಿ 1960ರಲ್ಲಿ ಶುರುವಾಯಿತು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ. ಮೂರು ತಲೆಮಾರು ಇಲ್ಲೇ ಹುಟ್ಟಿ ಬೆಳೆದಿವೆ. ಬೈಲುಕುಪ್ಪೆಯ ಹೊಲದಲ್ಲಿ ಮೆಕ್ಕೆಜೋಳ ಬೆಳೆಯುವ ಮನೆಯಲ್ಲೂ ಆ ರಾತ್ರಿ ಗುಥುಕ್ ಕುದಿಯುತ್ತದೆ. ಇದನ್ನು ಮಕ್ಕಳಿಗೆ ಹೇಳಿ. "ಟಿಬೆಟ್ ಅಂತ ಒಂದು ಜಾಗ ಇದೆ" ಅನ್ನುವುದಕ್ಕಿಂತ "ಎರಡು ಗಂಟೆ ದೂರದಲ್ಲಿ ಇವತ್ತು ನಿನ್ನಷ್ಟೇ ದೊಡ್ಡ ಹುಡುಗಿ ಇದೇ ಉಂಡೆ ಒಡೀತಿದಾಳೆ" ಅನ್ನುವುದು ಅವರ ಮನಸ್ಸಿಗೆ ಇಳಿಯುತ್ತದೆ.

ಈಗ ಅಡುಗೆ. ಅತ್ತೆಯವರೂ ಸೇರಿ ಐದು ಜನಕ್ಕೆ ಲೆಕ್ಕ ಹಾಕಿದ್ದೇನೆ.

ಹಿಟ್ಟಿಗೆ ಗೋಧಿ ಹಿಟ್ಟು 175 ಗ್ರಾಂ, ಮೈದಾ 175 ಗ್ರಾಂ, ಉಪ್ಪು ಅರ್ಧ ಟೀ ಚಮಚ, ನೀರು ಸುಮಾರು 180 ಮಿ.ಲೀ. ಮೊದಲು 160 ಮಿ.ಲೀ. ಮಾತ್ರ ಹಾಕಿ ಕಲಸಿ, ಬೇಕಾದಷ್ಟೇ ಸೇರಿಸುತ್ತ ಹೋಗಿ. ಹದ ಪೂರಿ ಹಿಟ್ಟಿನದು, ಚಪಾತಿಯದಲ್ಲ. ಈ ಅಡುಗೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹಿಟ್ಟು ಮೆತ್ತಗಾದರೆ ಮಕ್ಕಳು ಒತ್ತಿದ ಆಕಾರ ನಿಲ್ಲದೆ ಕೈಗೆ ಅಂಟುತ್ತದೆ, ಅಂಟಿತೆಂದು ಒಣ ಹಿಟ್ಟು ಉದುರಿಸುತ್ತಾರೆ, ಆ ಹಿಟ್ಟೆಲ್ಲ ಸೂಪಿಗೆ ಹೋಗಿ ಅದು ಗಂಜಿಯಾಗುತ್ತದೆ. ಕಲಸಿದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಬಿಡದಿದ್ದರೆ ಎಳೆ ಹೊಸೆದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ದೊಡ್ಡವರ ಕೈ ಆ ಜಗ್ಗಾಟ ತಡೆದೀತು, ಐದು ವರ್ಷದ ಬೆರಳಿಗೆ ಅದು ಆಗದ ಕೆಲಸ. "ನನಗೆ ಬರಲ್ಲ" ಎಂದು ಎದ್ದು ಹೋಗುವುದು ಆಗಲೇ.

ಒಟ್ಟು 530 ಗ್ರಾಂ ಹಿಟ್ಟು ಸಿಗುತ್ತದೆ. ಅದರಲ್ಲಿ 120 ಗ್ರಾಂ ತೆಗೆದು ಆರು ಉಂಡೆಗಳಿಗೆ ಇಡಿ, ತಲಾ 20 ಗ್ರಾಂ. ಐದು ಜನಕ್ಕೆ ಆರು ಯಾಕೆಂದರೆ ಕೊನೆಯವರಿಗೂ ಆರಿಸುವುದಕ್ಕೆ ಎರಡು ಇರಬೇಕು. ಇನ್ನು 110 ಗ್ರಾಂ ಬೇರೆ ಇಡಿ, ಅದರ ಕೆಲಸ ಕೊನೆಯಲ್ಲಿ ಬರುತ್ತದೆ. ಉಳಿದ 300 ಗ್ರಾಂ ಸೂಪಿಗೆ.

ಸೂಪಿಗೆ ಹೋಗುವ ಹಿಟ್ಟಿನ ಚೂರಿಗೆ ಭಾತ್ಸಾ ಎನ್ನುತ್ತಾರೆ, ಪುಟ್ಟ ಕಪ್ಪೆಚಿಪ್ಪಿನಂಥ ಆಕಾರ. ಮಾಡುವುದು ಹೀಗೆ: ಹಿಟ್ಟನ್ನು ಮಣೆಯ ಮೇಲೆ ಪೆನ್ಸಿಲ್ ದಪ್ಪದ ಎಳೆಯಾಗಿ ಹೊಸೆಯಿರಿ. ಬಟಾಣಿ ಕಾಳಿನಷ್ಟು ಚಿವುಟಿ. ಆ ಚೂರನ್ನು ಎಡ ಅಂಗೈಯಲ್ಲಿಟ್ಟು ಬಲ ಹೆಬ್ಬೆರಳಿನಿಂದ ಒತ್ತಿ, ಒತ್ತಿದ ಹಾಗೇ ಮುಂದಕ್ಕೆ ಸರಿಸಿ. ಹಿಟ್ಟು ತಾನಾಗಿ ಹೆಬ್ಬೆರಳ ಮೇಲೆ ಸುರುಳಿ ಸುತ್ತಿ, ನಡುವೆ ಗುಳಿ ಬಿದ್ದು, ಅಂಚು ಎದ್ದು ನಿಲ್ಲುತ್ತದೆ. ಮೇಲಿಂದ ಬರೀ ಒತ್ತಿದರೆ ಬಿಲ್ಲೆಯಾಗುತ್ತದೆ. ಒತ್ತುವುದು ಮತ್ತು ಜಾರಿಸುವುದು ಎರಡೂ ಒಂದೇ ಚಲನೆ. ಮಗನಿಗೆ ಬಾಯಲ್ಲಿ ವಿವರಿಸಬೇಡಿ. ಅವನ ಹೆಬ್ಬೆರಳ ಮೇಲೆ ನಿಮ್ಮದನ್ನಿಟ್ಟು ನಾಲ್ಕು ಸಲ ಮಾಡಿಸಿ, ಐದನೆಯದನ್ನು ಅವನೇ ಮಾಡುತ್ತಾನೆ. ಅವನ ಭಾತ್ಸಾ ನಿಮ್ಮದಕ್ಕಿಂತ ಚಿಕ್ಕದಾಗಿ, ಗುಳಿ ಆಳವಾಗಿ ಬರುತ್ತದೆ. ಸೂಪು ಹಿಡಿದಿಟ್ಟುಕೊಳ್ಳುವುದಕ್ಕೆ ಅದೇ ಸರಿ.

ಈ ಕೆಲಸ ನೋಡಿದರೆ ಉತ್ತರ ಕರ್ನಾಟಕದವರಿಗೆ ಗೌಲಿ, ಸೌತೆಬೀಜ ನೆನಪಾಗುತ್ತದೆ. ಮದುವೆ ಮುಂಚೆ ಹೆಂಗಸರು ಗುಂಪಾಗಿ ಕೂತು ಗೋಧಿ ಹಿಟ್ಟನ್ನು ಬೆರಳ ತುದಿಯಲ್ಲೇ ಹೊಸೆದು ಒಣಗಿಸಿಡುವ ಪಾಯಸದ ಸಾಮಾನು ಅದು. ಹಿಟ್ಟನ್ನು ಚಿವುಟಿ ಬೆರಳಲ್ಲಿ ಆಕಾರ ಕೊಡುವ ವಿದ್ಯೆ ಎರಡೂ ಕಡೆ ಒಂದೇ. ಒಂದನ್ನು ಹಾಲು ಬೆಲ್ಲಕ್ಕೆ ಹಾಕುತ್ತಾರೆ, ಇನ್ನೊಂದನ್ನು ಮೂಲಂಗಿ ಸಾರಿಗೆ. ಅತ್ತೆಯವರಿಗೆ ಶಾವಿಗೆ ಹೊಸೆದು ಅಭ್ಯಾಸವಿದ್ದರೆ ಎಳೆ ಹೊಸೆಯುವ ಕೆಲಸಕ್ಕೆ ಅವರನ್ನೇ ಕೂರಿಸಿ. ಅನ್ನ ಹಾಳಾಗುತ್ತದೆ ಎಂಬ ಅವರ ಬೇಸರ ನ್ಯಾಯವಾದದ್ದು. ಕೈಹಾಕಿದ ಅಡುಗೆ ಅವರದೂ ಆದಾಗ ಬೇಸರದ ಬದಲು ಉಸ್ತುವಾರಿ ಬರುತ್ತದೆ.

300 ಗ್ರಾಂ ಹಿಟ್ಟಿಗೆ ಸುಮಾರು 300 ಭಾತ್ಸಾ ಆಗುತ್ತವೆ, ಅಂದರೆ ಒಬ್ಬರಿಗೆ ಅರವತ್ತು. ಐದು ಜನ ಕೂತರೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಇಪ್ಪತ್ತು ನಿಮಿಷಕ್ಕೆ ಮಗ ಎದ್ದರೆ ಏಳಲಿ, ಮತ್ತೆ ಬರುತ್ತಾನೆ. ಮುಗಿದದ್ದನ್ನು ರವೆ ಉದುರಿಸಿದ ಮೊರದಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ. ಮೈದಾ ಉದುರಿಸಿದರೆ ಅಂಟಂಟಾಗುತ್ತದೆ, ರವೆ ಜಾಲಿಸಿದರೆ ಉದುರಿ ಹೋಗುತ್ತದೆ. ಕೂರುವುದು ನೆಲದ ಮೇಲೆ, ಹಳೆ ಪಂಚೆ ಹಾಸಿ. ಅಡುಗೆ ಕಟ್ಟೆಗೆ ಸ್ಟೂಲು ಹಾಕಿ ಮಕ್ಕಳನ್ನು ನಿಲ್ಲಿಸಿದರೆ ಒಂದು ಕಣ್ಣು ಸದಾ ಒಲೆಯ ಮೇಲೆ, ಇನ್ನೊಂದು ಸ್ಟೂಲಿನ ಮೇಲೆ ಇರಬೇಕಾಗುತ್ತದೆ. ನೆಲದಲ್ಲಿ ಬೀಳುವ ಭಯವಿಲ್ಲ, ಪಂಚೆಯ ನಾಲ್ಕು ಮೂಲೆ ಹಿಡಿದೆತ್ತಿ ಕೊಡವಿದರೆ ಅರ್ಧ ಕಸ ಹೋಯಿತು. ನೆಲಕ್ಕೆ ಬಿದ್ದ ಹಿಟ್ಟನ್ನು ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಅಂಟಾಗುತ್ತದೆ. ಒಣಗಿದ್ದಾಗಲೇ ಗುಡಿಸಿ, ಆಮೇಲೆ ಒರೆಸಿ.

ಇನ್ನು ಉಂಡೆಗಳು. ಈ ಭಾಗವನ್ನು ಪೂರ್ತಿ ಮಗಳ ಕೈಗೆ ಕೊಡಿ. ತಮ್ಮ ನೋಡದ ಹಾಗೆ, ಬೇರೆ ಕೋಣೆಯಲ್ಲಿ. ಒಳಗಿಡುವ ವಸ್ತುಗಳಲ್ಲಿ ಒಂದೊಂದಕ್ಕೂ ಒಂದೊಂದು ಎಚ್ಚರಿಕೆ ಬೇಕು. ಮೆಣಸಿನಕಾಯಿಗೆ ಒಣ ಬ್ಯಾಡಗಿಯ ಒಂದು ಅಂಗುಲ ಚೂರು, ಬೀಜ ಕೊಡವಿ. ಗುಂಟೂರು ಬೇಡ, ಒಡೆದ ಬೆರಳಲ್ಲೇ ಮಗು ಕಣ್ಣುಜ್ಜಿಕೊಳ್ಳುತ್ತದೆ. ಉಪ್ಪನ್ನು ಹಾಗೇ ಇಟ್ಟರೆ ಬೇಯುವಾಗ ಕರಗಿ, ಉಂಡೆ ಒಡೆದಾಗ ಒಳಗೆ ಏನೂ ಕಾಣುವುದಿಲ್ಲ. ಎರಡು ಹರಳು ಕಲ್ಲುಪ್ಪನ್ನು ಬೆಣ್ಣೆ ಕಾಗದದಲ್ಲಿ ಬಿಗಿಯಾಗಿ ಪೊಟ್ಟಣ ಕಟ್ಟಿ. ಇದ್ದಿಲಿನ ಚೂರು ಬೀದಿಯ ಇಸ್ತ್ರಿಯವರಲ್ಲಿ ಸಿಗುತ್ತದೆ. ಅದನ್ನೂ ಕಾಗದದಲ್ಲಿ ಸುತ್ತದಿದ್ದರೆ ಹಿಟ್ಟಿನ ಮೇಲೆ ಕಪ್ಪು ಮೂಡಿ ಗುಟ್ಟು ರಟ್ಟಾಗುತ್ತದೆ. ಉಣ್ಣೆಗೆ ಬಿಳಿ ನೂಲಿನ ಸಣ್ಣ ಉಂಡೆ ಸಾಕು. ಕಾಗದದ ಮೇಲೆ ಚಿತ್ರ ಬರೆಯುವುದಾದರೆ ಪೆನ್ಸಿಲಿನಲ್ಲೇ ಬರೆಯಲಿ. ಪೆನ್ನಿನ ಮಸಿ ಆವಿಗೆ ಹರಡುತ್ತದೆ, ಮೇಣದ ಬಣ್ಣ ಕರಗುತ್ತದೆ. ಕಲ್ಲು, ಗುಂಡಿ, ನಾಣ್ಯ, ಮಣಿ ಮನೆಯಲ್ಲಿ ಪುಟ್ಟ ಮಗು ಇರುವಾಗ ಬೇಡವೇ ಬೇಡ.

ಹಿಟ್ಟನ್ನು ಅಂಗೈಯಲ್ಲಿ ಬಟ್ಟಲಿನಂತೆ ಮಾಡಿ ವಸ್ತು ಇಟ್ಟು, ಮೋದಕ ಮುಚ್ಚುವ ಹಾಗೆ ಅಂಚು ಕೂಡಿಸಿ, ಜುಟ್ಟು ಮುರಿದು, ಉರುಟಾಗಿ ಉರುಳಿಸಿ. ಒಳಗೆ ಗಾಳಿ ಉಳಿದರೆ ಬೇಯುವಾಗ ಉಂಡೆ ಬಿರಿಯುತ್ತದೆ. ಆರೂ ಉಂಡೆ ನೋಡಲು ಒಂದೇ ಥರ ಇರಬೇಕು, ಕೈಗೆ ತೂಕವೂ ಒಂದೇ ಅನ್ನಿಸಬೇಕು. ಮಗಳ ಹತ್ತಿರ ಅಡುಗೆ ತಕ್ಕಡಿ ಇದ್ದರೆ ಈ ಕೆಲಸದಲ್ಲಿ ಅವಳು ಮೈಮರೆಯುತ್ತಾಳೆ. ಟಿಬೆಟಿಯನ್ ಮನೆಗಳಲ್ಲಿ ಇವು ಸೂಪಿನಲ್ಲೇ ಕುದಿಯುತ್ತವೆ. ನೀವು ಇಡ್ಲಿ ಪಾತ್ರೆಯಲ್ಲಿ ಎಣ್ಣೆ ಸವರಿದ ತಟ್ಟೆಯ ಮೇಲೆ 15 ನಿಮಿಷ ಹಬೆಯಲ್ಲಿ ಬೇಯಿಸಿ: ಒಡೆಯುವುದಿಲ್ಲ, ಮೆಣಸಿನ ಖಾರ ಸೂಪಿಗೆ ಇಳಿಯುವುದಿಲ್ಲ, ಇದ್ದಿಲು ಸೋರಿದರೂ ಊಟ ಕೆಡುವುದಿಲ್ಲ. ಈ ಉಂಡೆಗಳು ಒಡೆಯುವುದಕ್ಕೆ ಮಾತ್ರ, ತಿನ್ನುವುದಕ್ಕಲ್ಲ. ಮಗನಿಗೆ ಇದನ್ನು ಮೊದಲೇ ಹೇಳಿ, ಬಡಿಸುವಾಗ ಇನ್ನೊಮ್ಮೆ ಹೇಳಿ. ಉಂಡೆಯನ್ನು ಬಟ್ಟಲಿಗೆ ಹಾಕದೆ ಪಕ್ಕದ ತಟ್ಟೆಯಲ್ಲಿಡಿ.

ಒಂಬತ್ತು ಪದಾರ್ಥದ ಪಟ್ಟಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ: ಒಣ ಬಟಾಣಿ 75 ಗ್ರಾಂ (ಹಿಂದಿನ ರಾತ್ರಿ ನೆನೆಸಿಡಿ), ಬಿಳಿ ಮೂಲಂಗಿ 150 ಗ್ರಾಂ, ಟೊಮೇಟೊ 200 ಗ್ರಾಂ, ಕ್ಯಾರೆಟ್ 100 ಗ್ರಾಂ, ಎಲೆಕೋಸು 100 ಗ್ರಾಂ, ಒಂದು ಆಲೂಗಡ್ಡೆ, ಒಂದು ಅಂಗುಲ ಶುಂಠಿ, ಪಾಲಕ್ 100 ಗ್ರಾಂ, ಪನೀರ್ 100 ಗ್ರಾಂ. ಮೂಲದಲ್ಲಿ ಮಾಂಸ ಮತ್ತು ಒಣಗಿಸಿದ ಚೀಸ್ ಇರುತ್ತದೆ. ಮಾಂಸವಿಲ್ಲದ ಗುಥುಕ್ ಎಂದರೆ ಅಪಚಾರವೇನೂ ಅಲ್ಲ, ನಮ್ಮ ಕಡೆಯ ಹಲವು ಬೌದ್ಧ ಮಠಗಳ ಸಾಮೂಹಿಕ ಅಡುಗೆಮನೆಯಲ್ಲೂ ಮಾಂಸ ಬೇಯಿಸುವುದಿಲ್ಲ. ಒಣ ಚೀಸ್ ಬೈಲುಕುಪ್ಪೆಯ ಟಿಬೆಟಿಯನ್ ಅಂಗಡಿಗಳಲ್ಲಿ ಸಿಕ್ಕರೆ ಪನೀರ್ ಬದಲು ಒಂದು ಹಿಡಿ ಸಾಕು. ಅದರ ಹುಳಿವಾಸನೆ ಮಕ್ಕಳಿಗೆ ಮೊದಲ ಸಲ ಹಿಡಿಸದಿರಬಹುದು, ದೊಡ್ಡವರ ಬಟ್ಟಲಿಗೆ ಮಾತ್ರ ಹಾಕಿ.

ಮೂಲಂಗಿಯನ್ನು ಬೆಂಕಿಕಡ್ಡಿಯಷ್ಟು ತೆಳ್ಳಗೆ ಹೆಚ್ಚಿ, ಅರ್ಧ ಚಮಚ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು, ಹಿಂಡಿ ತೊಳೆಯಿರಿ. ಕಹಿ ಮತ್ತು ಘಾಟು ಹೋಗುತ್ತದೆ. ಮಕ್ಕಳು ಮೂಲಂಗಿ ತಳ್ಳಿಡುವುದು ಆ ಘಾಟಿಗೇ. ಬಟಾಣಿಯನ್ನು ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ, ಬೆಂದ ನೀರನ್ನು ಚೆಲ್ಲಬೇಡಿ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ, ಜಜ್ಜಿದ ಶುಂಠಿ, ಆಮೇಲೆ ಟೊಮೇಟೊ. ಟೊಮೇಟೊವನ್ನು ಎಣ್ಣೆ ಬಿಟ್ಟು ತಳ ಹಿಡಿಯುವ ತನಕ, ಕನಿಷ್ಠ ಎಂಟು ನಿಮಿಷ ಹುರಿಯಿರಿ. ಮಾಂಸವೂ ಈರುಳ್ಳಿಯೂ ಇಲ್ಲದ ಸೂಪಿಗೆ ಮೈ ಬರುವುದು ಈ ಹುರಿತದಿಂದ ಮತ್ತು ಬಟಾಣಿಯ ನೀರಿನಿಂದ. ಇಲ್ಲಿ ಅವಸರ ಮಾಡಿದರೆ ಬರೀ ತರಕಾರಿ ಬೇಯಿಸಿದ ನೀರಾಗುತ್ತದೆ. ಮೂಲಂಗಿ, ಕ್ಯಾರೆಟ್, ಆಲೂಗಡ್ಡೆ, ಕೋಸು ಹಾಕಿ ಮೂರು ನಿಮಿಷ ಬಾಡಿಸಿ, ಬಟಾಣಿ ನೀರೂ ಸೇರಿ ಎರಡು ಲೀಟರ್ ನೀರು, ಎರಡು ಟೀ ಚಮಚ ಸೋಯಾ ಸಾಸ್, ರುಚಿಗೆ ಉಪ್ಪು. ಹತ್ತು ನಿಮಿಷ ಕುದಿಯಲಿ.

ಟಿಬೆಟಿಯನ್ನರ ಅಡುಗೆಗೆ ನಾಲಗೆ ಜುಮ್ಮೆನ್ನಿಸುವ ಯೆರ್ಮಾ ಎಂಬ ಕಾಳು ಬೀಳುತ್ತದೆ. ಅದರ ಹತ್ತಿರದ ಸಂಬಂಧಿ ನಮ್ಮ ಉತ್ತರ ಕನ್ನಡ, ಕರಾವಳಿಯ ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಳ. ಎರಡೂ ಒಂದೇ ಕುಲದ ಮರಗಳ ಕಾಯಿ. ನಾಲ್ಕೈದು ಒಣ ಕಾಯಿಯ ಒಳಗಿನ ಕರಿ ಬೀಜ ತೆಗೆದು ಸಿಪ್ಪೆ ಮಾತ್ರ ಜಜ್ಜಿ ಹಾಕಿ. ಬೀಜ ಹಾಗೇ ಹೋದರೆ ಮರಳು ಕಚ್ಚಿದಂತೆ ಹಲ್ಲಿಗೆ ಸಿಗುತ್ತದೆ. ಸಿಪ್ಪೆಯ ಒಂದು ಚೂರನ್ನು ಮಗಳ ನಾಲಗೆಯ ತುದಿಗೆ ಮುಟ್ಟಿಸಿ ಒಂದು ನಿಮಿಷ ಕಾಯಿರಿ. ಟಿಬೆಟಿನ ಅಡುಗೆಗೂ ಕುಮಟೆಯ ಅಡುಗೆಗೂ ಏನು ನಂಟು ಅನ್ನುವುದನ್ನು ಅವಳ ನಾಲಗೆಯೇ ಕಂಡುಕೊಳ್ಳುತ್ತದೆ.

ಸೂಪು ಭರ್ತಿ ಕುದಿಯುವಾಗ ಭಾತ್ಸಾಗಳನ್ನು ಹಿಡಿ ಹಿಡಿಯಾಗಿ ಉದುರಿಸಿ, ಪ್ರತಿ ಹಿಡಿಗೂ ಒಮ್ಮೆ ಸೌಟಿನಿಂದ ತಳ ಸವರಿ. ಒಟ್ಟಿಗೆ ಸುರಿದರೆ ಮುದ್ದೆಯಾಗುತ್ತವೆ. ಆರರಿಂದ ಎಂಟು ನಿಮಿಷಕ್ಕೆ ಮೇಲೆ ತೇಲಿ ಬೇಯುತ್ತವೆ. ಒಂದನ್ನು ಕತ್ತರಿಸಿ ನೋಡಿ, ನಡುವೆ ಬಿಳಿ ಚುಕ್ಕೆ ಇರಬಾರದು. ಕೊನೆಗೆ ಪಾಲಕ್ ಮತ್ತು ಪನೀರ್, ಒಂದು ನಿಮಿಷ, ಒಲೆ ಆರಿಸಿ. ಖಾರ ಪಾತ್ರೆಗೆ ಬೇಡ. ಕೆಂಪು ಮೆಣಸಿನಕಾಯಿ, ಟೊಮೇಟೊ ಚಟ್ನಿಯನ್ನು ಪಕ್ಕದಲ್ಲಿಟ್ಟುಕೊಂಡು ದೊಡ್ಡವರು ಬೆರೆಸಿಕೊಳ್ಳಲಿ, ಟಿಬೆಟಿಯನ್ ಮನೆಗಳಲ್ಲೂ ಹಾಗೆಯೇ.

ಬೇಯುವ ಹೊತ್ತಿನಲ್ಲಿ ಮಕ್ಕಳಿಗೆ ಇನ್ನೊಂದು ಮಾತು ಹೇಳಬಹುದು. ಲ್ಹಾಸಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 88 ಡಿಗ್ರಿಗೇ ಕುದಿಯುತ್ತದೆ. ಮೈಸೂರಿನಲ್ಲಿ ಸುಮಾರು 97. ಅಂದರೆ ಅಲ್ಲಿ ಕುದಿಯುವ ನೀರು ನಮ್ಮದಷ್ಟು ಬಿಸಿ ಇರುವುದೇ ಇಲ್ಲ, ಬೇಯುವುದು ನಿಧಾನ. ಅಂಥ ಕಡೆ ಬಾರ್ಲಿಯನ್ನು ಹುರಿದು ಬೀಸಿಟ್ಟುಕೊಂಡ ತ್ಸಾಂಪಾ ಎಷ್ಟು ಅನುಕೂಲ ನೋಡಿ, ಮತ್ತೆ ಬೇಯಿಸಬೇಕಾಗಿಯೇ ಇಲ್ಲ. ನಮ್ಮ ರಾಗಿ ಹುರಿಹಿಟ್ಟು ಅದೇ ಉಪಾಯ. ಬಟ್ಟಲಿನಲ್ಲಿ ಹುರಿಹಿಟ್ಟು, ತುಪ್ಪ, ಬೆಲ್ಲ, ಸ್ವಲ್ಪ ಬಿಸಿನೀರು ಹಾಕಿ ಬೆರಳಲ್ಲೇ ಕಲಸಿ ಉಂಡೆ ಕಟ್ಟುವುದನ್ನು ಮಗ ಮಾಡಲಿ. ಅವರು ಬೆಣ್ಣೆ ಚಹಾದಲ್ಲಿ ತ್ಸಾಂಪಾ ಕಲಸುವುದೂ ಹೀಗೆಯೇ.

ಬಡಿಸಿದ ಮೇಲೆ ಉಂಡೆ ಆರಿಸುವುದು ಚಿಕ್ಕವನಿಂದ ಶುರುವಾಗಲಿ. ಒಡೆಯುವುದು ಒಬ್ಬೊಬ್ಬರಾಗಿ, ಎಲ್ಲರೂ ನೋಡುವಾಗ. ಇಲ್ಲಿ ಒಂದು ಸೂಕ್ಷ್ಮವಿದೆ. ಐದು ವರ್ಷದವನಿಗೆ ಇದ್ದಿಲು ಬಂದು ಎಲ್ಲರೂ "ಕಪ್ಪು ಹೃದಯ" ಎಂದು ನಕ್ಕರೆ ಅವನು ಅದನ್ನು ನಿಜವೆಂದೇ ತಿಳಿಯಬಹುದು. ಹಾಗೆಂದು ಕೆಟ್ಟದ್ದನ್ನೆಲ್ಲ ತೆಗೆದು ಬರೀ ಒಳ್ಳೆಯದನ್ನೇ ತುಂಬಿದರೆ ಆಟ ಸಪ್ಪೆಯಾಗುತ್ತದೆ, ಅದು ಗುಥುಕ್ಕೂ ಆಗುವುದಿಲ್ಲ. ನನ್ನ ಸಲಹೆ: ಮೊದಲ ವರ್ಷ ಆರರಲ್ಲಿ ಇದ್ದಿಲು ಒಂದೇ ಇರಲಿ, ಉಣ್ಣೆ ಎರಡು ಇರಲಿ. ಮೊದಲು ಯಾರಾದರೂ ದೊಡ್ಡವರು ಒಡೆದು, ಉಪ್ಪೇ ಬರಲಿ ಮೆಣಸೇ ಬರಲಿ, ರೇಗಿಸಿದ್ದಕ್ಕೆ ತಾವೂ ನಗಲಿ. ಬೈಸಿಕೊಂಡವರು ನಗುವುದನ್ನು ನೋಡಿದ ಮೇಲೆ ಮಗುವಿಗೆ ಇದು ಆಟ ಎಂದು ಗೊತ್ತಾಗುತ್ತದೆ. ಆದರೂ ಅತ್ತರೆ ಸಮಜಾಯಿಷಿಗೆ ಹೋಗದೆ ಮುಂದಿನ ಭಾಗಕ್ಕೆ ಕರೆದುಕೊಂಡು ಹೋಗಿ, ಯಾಕೆಂದರೆ ಬಂದ ಕೆಡುಕನ್ನು ಹೊರಗೆ ಹಾಕುವುದೇ ಆ ರಾತ್ರಿಯ ಮುಖ್ಯ ಕೆಲಸ.

ಮೊದಲು ತೆಗೆದಿಟ್ಟ 110 ಗ್ರಾಂ ಹಿಟ್ಟು ಇದಕ್ಕೆ. ಅದರಲ್ಲಿ 60 ಗ್ರಾಮಿನಿಂದ ಒಂದು ಮನುಷ್ಯಾಕೃತಿ ಮಾಡಿ, ಅದಕ್ಕೆ 'ಲೂ' ಎನ್ನುತ್ತಾರೆ, ವರ್ಷದ ಕೆಡುಕಿನ ಗೊಂಬೆ. ಉಳಿದ 50 ಗ್ರಾಂ ಐದು ಜನಕ್ಕೆ ಹಂಚಿ. ಊಟದ ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಹಿಟ್ಟನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡುತ್ತಾರೆ. ಬಿಚ್ಚಿದಾಗ ಐದು ಬೆರಳ ಗುರುತು ಮೂಡಿರುತ್ತದೆ. ಅದನ್ನು ನೋವಿರುವ ಜಾಗಕ್ಕೆಲ್ಲ ಸವರಿ, ಹೋದ ವರ್ಷದ ಕಾಯಿಲೆ ಕಸಾಲೆ ಇದರ ಜೊತೆ ಹೋಗಲಿ ಎಂದು ಗೊಂಬೆಯ ಬಟ್ಟಲಿಗೆ ಹಾಕುತ್ತಾರೆ. ತಮ್ಮ ಬಟ್ಟಲಲ್ಲಿ ಉಳಿಸಿದ ಸ್ವಲ್ಪ ಸೂಪನ್ನೂ ಅದಕ್ಕೇ ಸುರಿಯುತ್ತಾರೆ. ಆಮೇಲೆ ಹುಲ್ಲಿನ ಪಂಜು ಹಿಡಿದು ಕೋಣೆ ಕೋಣೆ ತಿರುಗಿ "ಥೋನ್‌ಶೋ ಮಾ!" ಎಂದು ಕೂಗುತ್ತ, ಅಂದರೆ "ಹೊರಡಿ ಹೊರಗೆ!", ಬಟ್ಟಲನ್ನು ದಾರಿ ಕೂಡುವ ಕಡೆ ಇಟ್ಟು ಹಿಂದಿರುಗಿ ನೋಡದೆ ಬರುತ್ತಾರೆ. ದೃಷ್ಟಿ ನಿವಾಳಿಸಿ ಮೂರು ದಾರಿ ಸೇರುವಲ್ಲಿ ಹಾಕುವುದನ್ನು ಕಂಡ ಅತ್ತೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವರೇ ಮೊಮ್ಮಕ್ಕಳಿಗೆ ಹೇಳಲಿ.

ನಿಮ್ಮ ಮನೆಯಲ್ಲಿ ಎಷ್ಟು ಮಾಡಬೇಕು? ಮುಷ್ಟಿ ಹಿಂಡುವುದು, ನೋವಿಗೆ ಸವರುವುದು, ಕೂಗುತ್ತ ಕೋಣೆ ತಿರುಗುವುದು ಧಾರಾಳವಾಗಿ ಮಾಡಿ. ಪಂಜಿನ ಬದಲು ಟಾರ್ಚ್. ರಸ್ತೆಗೆ ಹಾಕಬೇಡಿ, ಒಳಗಿನ ವಸ್ತು ತೆಗೆದು ಗೊಬ್ಬರದ ಗುಂಡಿಗೆ ಅಥವಾ ಹಸಿ ಕಸಕ್ಕೆ ಹಾಕಿ. ಬರುವಾಗ ಹಿಂದಿರುಗಿ ನೋಡದ ನಿಯಮ ಮಾತ್ರ ಬಿಡಬೇಡಿ, ಮಕ್ಕಳಿಗೆ ಅದೇ ಅತ್ಯಂತ ರೋಮಾಂಚನ. ಮಠಗಳಲ್ಲಿ ಅದೇ ಹೊತ್ತಿಗೆ ಭಿಕ್ಷುಗಳು ಮುಖವಾಡ ಹಾಕಿ ಮಾಡುವ ನೃತ್ಯ ಪೂಜೆಯ ಅಂಗ. ಅದನ್ನು ವೇಷ ಹಾಕಿಸಿ ಮನೆಯಲ್ಲಿ ಆಡಿಸುವುದು ಬೇಡ, ಹೋಗಿ ಸುಮ್ಮನೆ ಕೂತು ನೋಡಿ. ಗುಥುಕ್ ಮನೆಯ ಅಡುಗೆ, ಮನೆಯ ಆಟ. ಅದನ್ನು ಕಲಿಯಬಹುದು.

ಮಗಳು ತನ್ನದೇ ಗುರುತು ಸೇರಿಸುತ್ತೇನೆ ಎಂದರೆ ಬೇಡವೆನ್ನಬೇಡಿ. ಅರಿಶಿನದ ಚೂರು ಬಂದವರು ಅಡುಗೆಯಲ್ಲಿ ಮುಂದೆ, ದಾರದ ಗಂಟು ಬಂದವರು ಹಟಮಾರಿ, ಹೀಗೆ ಏನಾದರೂ ಕಟ್ಟಲಿ. ಒಂದು ಹಾಳೆಯಲ್ಲಿ ಎರಡು ಕಂಬಸಾಲು ಎಳೆದು, ಟಿಬೆಟಿಯನ್ನರದು ಯಾವುದು, ನಮ್ಮ ಮನೆಯದು ಯಾವುದು ಎಂದು ಬೇರೆ ಬೇರೆ ಬರೆದಿಡಲಿ. ಕೆಳಗೆ ಆ ವರ್ಷ ಯಾರಿಗೆ ಏನು ಬಂತು ಎಂಬ ಲೆಕ್ಕ. ಆ ಹಾಳೆಯನ್ನು ಜೋಪಾನ ಮಾಡಿ, ಮುಂದಿನ ವರ್ಷ ಮೊದಲು ತೆಗೆಯುವುದು ಅದನ್ನೇ.

ತಿನ್ನುವ ವಿಷಯ. ಒಂದೇ ತುತ್ತು ತಿನ್ನು ಎಂಬ ಒತ್ತಾಯ ಬೇಡ. ಮಗನ ಬಟ್ಟಲಿಗೆ ಮೊದಲು ತಿಳಿ ಸೂಪು ಮತ್ತು ಅವನು ಒತ್ತಿದ ಭಾತ್ಸಾ ಹತ್ತು, ತರಕಾರಿ ಪಕ್ಕದ ತಟ್ಟೆಯಲ್ಲಿ, ಜೊತೆಗೆ ದಿನದ ಮೊಸರನ್ನ ಒಂದು ಮೂಲೆಯಲ್ಲಿ. ತನ್ನ ಹೆಬ್ಬೆರಳ ಗುಳಿ ಇರುವ ಚೂರನ್ನು ಹುಡುಕಿ ಹುಡುಕಿ ತಿನ್ನುತ್ತಾನೆ. ಒಂಬತ್ತು ಬಟ್ಟಲು ಕುಡಿಯಬೇಕು ಎಂಬ ಮಾತು ಟಿಬೆಟಿಯನ್ನರಲ್ಲಿದೆ, ಪುಟ್ಟ ಕಾಫಿ ಲೋಟದಲ್ಲಿ ಕೊಟ್ಟು ಎಣಿಸಲು ಬಿಟ್ಟರೆ ಮೂರು ನಾಲ್ಕು ಲೋಟ ಹೇಗೂ ಹೋಗುತ್ತದೆ.

ಇದಾದ ಮೇಲೆ ಮುಂದಿನದಕ್ಕೆ ದೂರ ಹುಡುಕಬೇಡಿ, ಅಡಗಿಸಿಡುವ ಎಳೆಯನ್ನೇ ಹಿಡಿದು ಹೋಗಿ. ಗ್ರೀಸಿನಲ್ಲಿ ಜನವರಿ 1ಕ್ಕೆ ವಾಸಿಲೊಪಿತಾ ಎಂಬ ಕೇಕಿನೊಳಗೆ ಒಂದು ನಾಣ್ಯ. ಫ್ರಾನ್ಸಿನಲ್ಲಿ ಜನವರಿ 6ರ ಸುಮಾರಿಗೆ ಬಾದಾಮಿ ಹೂರಣದ ರಾಜರ ಕೇಕಿನಲ್ಲಿ ಪುಟ್ಟ ಪಿಂಗಾಣಿ ಗೊಂಬೆ. ಅಲ್ಲಿ ಮನೆಯ ಅತಿ ಚಿಕ್ಕ ಮಗು ಮೇಜಿನ ಕೆಳಗೆ ಕೂತು ಯಾವ ತುಂಡು ಯಾರಿಗೆ ಎಂದು ಕೂಗಿ ಹೇಳುತ್ತದೆ. ಉತ್ತರ ಚೀನಾದಲ್ಲಿ ಹೊಸ ವರ್ಷದ ರಾತ್ರಿ ಮನೆಮಂದಿ ಕೂತು ಮಡಚುವ ಕಡುಬಿನಂಥ ಜ್ಯಾವ್‌ಜ಼ಗಳಲ್ಲಿ ಒಂದರೊಳಗೆ ನಾಣ್ಯ. ನಿಮ್ಮ ಮನೆಯಲ್ಲಿ ನಾಣ್ಯದ ಬದಲು ಇಡೀ ಬಾದಾಮಿ ಇಡಿ, ಮಗನಿಗೆ ಅಗಿದು ತಿನ್ನುವುದನ್ನು ಹೇಳಿಕೊಟ್ಟ ಮೇಲೆ. ಈ ಮೂರೂ ಗುಥುಕ್ ಜೊತೆ ಜನವರಿಯಿಂದ ಮಾರ್ಚ್‌ವರೆಗಿನ ಚಳಿಗಾಲದ ಕೊನೆಗೇ ಬೀಳುತ್ತವೆ. "ಎಲ್ಲರೂ ವರ್ಷದ ಶುರುವಿನಲ್ಲೇ ಯಾಕೆ ಅಡಗಿಸ್ತಾರೆ?" ಎಂದು ಮಗಳು ಕೇಳಿದರೆ ಉತ್ತರವನ್ನು ಅವಳೇ ಹುಡುಕಲಿ.

ಉಳಿದ ಸೂಪನ್ನು ಭಾತ್ಸಾ ಸಮೇತ ಇಟ್ಟರೆ ಬೆಳಗ್ಗೆ ಹೊತ್ತಿಗೆ ಹಿಟ್ಟು ನೀರು ಕುಡಿದು ಉಬ್ಬಿ ಮುದ್ದೆಯಾಗಿರುತ್ತದೆ. ಆದ್ದರಿಂದ ಮೊದಲೇ ಎರಡು ಹಿಡಿ ಹಸಿ ಭಾತ್ಸಾ ತೆಗೆದು ಬಟ್ಟೆಯ ಮೇಲೆ ಒಂದು ಗಂಟೆ ಆರಿಸಿ, ತಟ್ಟೆಯಲ್ಲಿ ಹರಡಿ ಫ್ರೀಜರಿಗಿಡಿ, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ಒಂದು ತಿಂಗಳು ಇರುತ್ತದೆ. ಕರಗಿಸದೆ ಹಾಗೇ ಕುದಿಯುವ ಸಾರಿಗೆ ಹಾಕಿ, ಎರಡು ನಿಮಿಷ ಹೆಚ್ಚು ಬೇಯಿಸಿ.